ಪೆಟ್ರೋಲ್ ಕುಡಿದ ಡಬ್ಬಿ

“ಸಾಕು, ನಿಲ್ಸೇ! ಮೋಟರಿಗೆ ಪೆಟ್ರೋಲ್ ಸ್ನಾನ ಮಾಡಿಸ್ತೀಯಾ?”

ಪೆಟ್ರೋಲ್ ಪೈಪಿನ ನಡುವೆ ಇದ್ದ ರಬ್ಬರ್ ಪಂಪಿನಿಂದ ಜಿಂಗ್ಯಾ ಥಟ್ಟನೆ ಕೈ ತೆಗೆದಳು. “ಮೂರೇ ಸಲ ಹಿಂಡಿದ್ದು ತಾತ!”

ತಾತ ದೋಣಿಯ ಹಿಂಬದಿಗೆ ಬಾಗಿ ಮೋಟರಿನ ಹಗ್ಗ ಎಳೆದ. ಮೋಟರ್ ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಕಾರ್ಬುರೇಟರಿನಿಂದ ಪೆಟ್ರೋಲ್ ಉಕ್ಕಿ ತೊಟ್ಟಿಕ್ಕತೊಡಗಿತು.

ಜಿಂಗ್ಯಾಗೆ ಅಳು ಬರುವಂತಾಯಿತು. ಹನ್ನೊಂದು ಗಂಟೆಗೆ ಆಚೆ ದಡದ ಮಾಗೊಂಗ್ ಪಟ್ಟಣದಲ್ಲಿ ರಿಲೇ ಓಟ. ಅವರ ಪುಟ್ಟ ದ್ವೀಪದ ಶಾಲೆಯಲ್ಲಿ ಓಡುವಷ್ಟು ದೊಡ್ಡ ಮಕ್ಕಳಿರುವುದೇ ನಾಲ್ಕು. ಒಬ್ಬಳು ತಪ್ಪಿಸಿಕೊಂಡರೆ ತಂಡವೇ ಇಲ್ಲ. ಉಳಿದ ಮೂವರು ಟೀಚರ್ ಜೊತೆ ಬೆಳಗಿನ ಲಾಂಚಿನಲ್ಲಿ ಹೋಗಿಯಾಗಿತ್ತು. “ನಾನು ನಮ್ಮ ತಾತನ ದೋಣೀಲೇ ಬರ್ತೀನಿ” ಎಂದು ಜಂಬ ಕೊಚ್ಚಿಕೊಂಡು ಉಳಿದವಳು ಇವಳೇ.

ಹಾಗಾದರೂ ತಾತ ಓಟ ನೋಡಲಿ ಎಂಬ ಆಸೆ ಅವಳಿಗೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿಯೂ ಕೇಳಿದ್ದಳು. “ತಾತ, ಕೊನೇ ಸುತ್ತು ಓಡೋದು ನಾನೇ. ನೋಡಕ್ಕೆ ಬರ್ತೀಯಾ?” ತಾತ ಒಣಮೀನು ಜಗಿಯುತ್ತ ಕೂತಿದ್ದ. ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಆಮೇಲೆ ಅವಳು ಗೆಣಸಿನ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಳು.

“ಅಖುನ್!” ದಡದಲ್ಲಿ ಸ್ಕ್ವಿಡ್ ಮೀನು ಒಣಹಾಕುತ್ತಿದ್ದ ಪಕ್ಕದ ಮನೆಯ ಅಮುಯಿ ಅಜ್ಜಿ ತಾತನ ಹೆಸರು ಹಿಡಿದು ಊರಿಗೇ ಕೇಳುವ ಹಾಗೆ ಕೂಗಿದಳು. “ಮೋಟರಿಗೂ ಯಜಮಾನನಿಗೂ ಒಂದೇ ವಯಸ್ಸು. ಇಬ್ರೂ ಪಿಂಚಣಿ ತಗೊಂಡು ಕೂತ್ಕೊಳ್ಳಿ!”

“ಮೊದಲು ನಿನ್ನ ನಾಲಿಗೆಗೆ ಪಿಂಚಣಿ ಕೊಡ್ಸು!” ಎಂದ ತಾತ. ಆದರೆ ಅವನ ಮುಖ ಕೆಂಪಾಗಿತ್ತು.

ತಾತ ಪ್ಲಗ್ ಬಿಚ್ಚಿದ. ಅದು ತೊಯ್ದು ತೊಪ್ಪೆಯಾಗಿತ್ತು. ಒರೆಸಿ ಹಾಕಿ ಎಳೆದರೆ ಮತ್ತೆ ಅದೇ ಕೆಮ್ಮು. ಕೊನೆಗೆ ಕಾರ್ಬುರೇಟರನ್ನೇ ಬಿಚ್ಚಿ ಒಳಗಿಂದ ಹಿತ್ತಾಳೆಯ ಒಂದು ಪುಟ್ಟ ಮುಚ್ಚಿದ ಡಬ್ಬಿ ತೆಗೆದ.

“ಇದು ಫ್ಲೋಟ್. ಮನೆ ಮೇಲಿನ ನೀರಿನ ಟ್ಯಾಂಕಲ್ಲಿ ಚೆಂಡಿದೆಯಲ್ಲ, ಅದರದ್ದೇ ಕೆಲಸ. ಪೆಟ್ರೋಲ್ ತುಂಬಿದಾಗ ಇದು ತೇಲಿ ಬಾಗಿಲು ಮುಚ್ಚಬೇಕು. ತೂತಾಗಿ ಇದೇ ಪೆಟ್ರೋಲ್ ಕುಡಿದ್ರೆ ಮುಳುಗಿ ಕೂತ್ಕೊಳ್ಳುತ್ತೆ, ಬಾಗಿಲು ಮುಚ್ಚೋರೇ ಇರಲ್ಲ.”

ಡಬ್ಬಿಯನ್ನು ಎಡಗಿವಿಯ ಹತ್ತಿರ ಹಿಡಿದು ಅಲುಗಿಸಿದ.

“ಉಹ್ಞೂಂ, ಸದ್ದೇ ಇಲ್ಲ. ಇದು ಚೆನ್ನಾಗೇ ಇದೆ. ಎಲ್ಲಾ ನಿನ್ನ ಪಂಪಿನ ಕರಾಮತ್ತು.”

ಕುಳುಕ್, ಕುಳುಕ್. ಎದುರು ಹಲಗೆಯ ಮೇಲಿದ್ದ ಜಿಂಗ್ಯಾಗೆ ಸ್ಪಷ್ಟವಾಗಿ ಕೇಳಿಸಿತು.

“ಕೇಳ್ತಿದೆಯಲ್ಲ ತಾತ!” ಎನ್ನಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಎಡಗಿವಿ! ದೋಣಿ ನಡೆಸುವಾಗ ಮೋಟರಿನ ಕಡೆಗಿರುವ ಕಿವಿ. ಅವಳು ಹುಟ್ಟುವ ಮೊದಲಿನಿಂದಲೂ ಆ ಗದ್ದಲ ಕೇಳಿಕೊಂಡು ಬಂದ ಕಿವಿ. ನಿನ್ನೆ ಊಟಕ್ಕೆ ಅವಳು ಕೂತಿದ್ದೂ ಅದೇ ಪಕ್ಕದಲ್ಲಿ.

ಅಮುಯಿ ಅಜ್ಜಿ ದಡದಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಜಿಂಗ್ಯಾ ಬಾಯಿ ಮುಚ್ಚಿಕೊಂಡಳು. ಎದ್ದು ತಾತನ ಬಲಗಡೆಗೆ ಹೋಗಿ ಕೂತಳು.

“ತಾತ, ಪಂಕ್ಚರ್ ನೋಡಕ್ಕೆ ಸೈಕಲ್ ಟ್ಯೂಬ್ ನೀರಲ್ಲಿ ಮುಳುಗಿಸ್ತಾರಲ್ಲ, ಹಂಗೆ ಇದನ್ನೂ ಮುಳುಗಿಸೋಣ್ವಾ?”

“ತಣ್ಣೀರಲ್ಲಿ ಗೊತ್ತಾಗಲ್ಲ. ಬಿಸಿನೀರಾದ್ರೆ ಒಳಗಿನ ಗಾಳಿ ಉಬ್ಬಿ ಆಚೆ ಬರುತ್ತೆ...” ತಾತ ಅವಳನ್ನೇ ನೋಡಿದ. “ಪರವಾಗಿಲ್ವೇ! ತಲೇಲಿ ಏನೋ ಇಟ್ಕೊಂಡಿದೀಯ. ಫ್ಲಾಸ್ಕ್ ಕೊಡು!”

ಚಹಾಕ್ಕೆಂದು ತಂದ ಬಿಸಿನೀರನ್ನು ಬಟ್ಟಲಿಗೆ ಸುರಿದು ಡಬ್ಬಿಯನ್ನು ಮುಳುಗಿಸಿದರು. ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದರು. ಡಬ್ಬಿಯ ಬೆಸುಗೆಯ ಹತ್ತಿರ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.

“ಗುಳ್ಳೆ!” ಇಬ್ಬರೂ ಒಟ್ಟಿಗೇ ಕೂಗಿದರು.

ಬಲೆ ಇಡುವ ಶೆಡ್ಡಿನಲ್ಲಿ ಇದೇ ಥರದ ಇನ್ನೊಂದು ಮೋಟರ್ ಕೆಟ್ಟು ಮೂಲೆ ಸೇರಿತ್ತು. ತಾತ ಓಡಿಹೋಗಿ ಅದರ ಫ್ಲೋಟ್ ಕಿತ್ತು ತಂದ. ಕಿವಿಯವರೆಗೆ ಎತ್ತಿದವನು ಯಾಕೋ ತಡೆದು ಜಿಂಗ್ಯಾಳ ಕೈಗೆ ಕೊಟ್ಟ.

“ನೀನೇ ನೋಡಿ ಹೇಳು.”

ಅವಳು ಚೆನ್ನಾಗಿ ಅಲುಗಿಸಿದಳು. “ಸದ್ದಿಲ್ಲ ತಾತ. ನಿಜವಾಗ್ಲೂ ಸದ್ದಿಲ್ಲ.”

ಎಲ್ಲ ಜೋಡಿಸಿ, ಚೆಲ್ಲಿದ ಪೆಟ್ರೋಲ್ ಒರೆಸಿ, ಹಗ್ಗ ಎಳೆದದ್ದೇ ತಡ, ಮೋಟರ್ ಗರ್ಜಿಸಿತು. “ಪಿಂಚಣಿ ಬೇಡ್ವಂತೆ ಕಣೇ ಅಮುಯಿ!” ಎಂದು ತಾತ ಕೈ ಬೀಸಿದ. ಅಮುಯಿ ಅಜ್ಜಿ ಸ್ಕ್ವಿಡ್ಡನ್ನೇ ಎತ್ತಿ ಆಡಿಸಿದಳು.

ದೋಣಿ ಅಲೆಗಳ ಮೇಲೆ ಹಾರತೊಡಗಿತು. ಜಿಂಗ್ಯಾ ತಾತನ ಬಲಗಡೆಗೆ ಅಂಟಿ ಕೂತು ಕೂಗಿದಳು. “ತಾತ, ಕೊನೇ ಸುತ್ತು ಓಡೋದು ನಾನೇ! ನೋಡಕ್ಕೆ ಬರ್ತೀಯಾ?”

“ಕೊನೇ ಸುತ್ತಾ? ನೀನಾ?” ತಾತನ ಕಣ್ಣು ಅರಳಿತು. “ಬರದೆ ಇರ್ತೀನಾ? ಕಳ್ಳಿ, ನಿನ್ನೇನೇ ಹೇಳೋದಲ್ವಾ? ಒಂದು ಒಳ್ಳೇ ಅಂಗಿನಾದ್ರೂ ಹಾಕ್ಕೊಂಡು ಬರ್ತಿದ್ದೆ!”

ಮಾತು ಜಿಂಗ್ಯಾಳ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ನಕ್ಕಳು.

“ಮರೆತುಬಿಟ್ಟಿದ್ದೆ ತಾತ,” ಎಂದಳು. ಗಟ್ಟಿಯಾಗಿ, ಬಲಗಿವಿಯ ಹತ್ತಿರ.