ದುಂಡವ್ವನ ಹೆಸರಿನ ಮುಂದೆ ರೊಟ್ಟಿ ಇರಲಿಲ್ಲ

"ನನ್ನ ಹೆಸರಿನ ಮುಂದ ಬರೇ ಹಗ್ಗ, ಕಂದೀಲು ಅಂತ ಯಾಕ ಬರದೀರಿ, ಮಾಸ್ತರ?"

ಶಂಭುಲಿಂಗ ತಲೆ ಎತ್ತಲಿಲ್ಲ. ಯಾರು ಏನು ತರಬೇಕೆಂದು ಅವನು ಬರೆದ ಪಟ್ಟಿಯನ್ನು ದುಂಡವ್ವ ಆಗಲೇ ಓದಿಬಿಟ್ಟಿದ್ದಳು.

ಅದು ೧೯೮೬ರ ಡಿಸೆಂಬರ್. ಅಣ್ಣಿಗೇರಿ ಸೀಮೆಯ ಒಂದು ಹೈಸ್ಕೂಲಿನ ಎಂಟು ಜನ ಶಿಕ್ಷಕರು ಸಂಕ್ರಾಂತಿಗೆ ಮುಳ್ಳಯ್ಯನಗಿರಿ ಹತ್ತಲು ಹೊರಟಿದ್ದರು. ಸಪಾಟು ಎರೆಹೊಲದಲ್ಲಿ ಬೆಳೆದ ಈ ಮಹಾಶಯರಿಗೆ ನಾಡಿನಲ್ಲೇ ಎತ್ತರದ ಶಿಖರ ಬೇಕಾಗಿತ್ತು! ತಿಂಗಳಿಂದ ಸ್ಟಾಫ್ ರೂಮಿನಲ್ಲಿ ಬಸ್ಸು, ಕಂಬಳಿ, ಬೂಟುಗಳದ್ದೇ ಚರ್ಚೆ.

ಆ ಎಂಟರಲ್ಲಿ ಒಬ್ಬಳಾದ ದುಂಡವ್ವನ ಆಸೆ ಬೇರೆಯೇ ಇತ್ತು. ಎರಡು ವರ್ಷ ಮುಚ್ಚಿಟ್ಟ ಪ್ರೀತಿಯನ್ನು ಶಿಖರದ ಮೇಲೆ ಎಲ್ಲರ ಮುಂದೆ ಹೇಳುತ್ತೇನೆಂದು ಶಂಭುಲಿಂಗ ಮಾತು ಕೊಟ್ಟಿದ್ದ.

ದೂರದ ಪ್ರಯಾಣಕ್ಕೆ ಮನೆಮನೆಯ ರೊಟ್ಟಿಯನ್ನು ಒಂದೇ ಗಂಟಿಗೆ ಕಟ್ಟುವುದು ನಮ್ಮ ಕಡೆಯ ರೂಢಿ. ಏಳು ಹೆಸರುಗಳ ಮುಂದೆ ಖಡಕ್ ರೊಟ್ಟಿ ಇತ್ತು. ದಲಿತರ ಓಣಿಯ ದುಂಡವ್ವನ ಹೆಸರಿನ ಮುಂದೆ ಮಾತ್ರ ಇರಲಿಲ್ಲ.

"ಹಂಗಲ್ಲ... ನಿನ್ನ ರೊಟ್ಟಿ ಅಷ್ಟ ಬಾಜೂಕ ಸರಿಸಿ ಉಳಿದವರು ಉಂಡ್ರ, ನಿನಗ ನೋವಾಗ್ತದಂತ ನಾನ..."

"ಅವರು ಸರಸೂಕಿಂತ ಮೊದಲ ನೀವ ಸರಿಸಿದ್ರಿ."

ಅವಳು ಪೆನ್ನು ಕಸಿದು ತನ್ನ ಹೆಸರನ್ನು ತಾನೇ ಹೊಡೆದು ಹಾಕಿದಳು. ಇವನೂ ಅವರಂಥವನೇ ಏನು... ಮನೆ ಮುಟ್ಟುವವರೆಗೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಐದು ದಿನ ಮಾತಿಲ್ಲ. ಭಾನುವಾರ ಮುಂಜಾನೆ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಶಂಭುಲಿಂಗ ಬಂದು ನಿಂತ. ಆ ಓಣಿಗೆ ಅವನು ಬಂದದ್ದು ಅದೇ ಮೊದಲು.

"ನಿನ್ನೆ ಹೊಸಾ ಪಟ್ಟಿ ಮಾಡಿದ್ನಿ. ನಿನ್ನ ಹೆಸರಿನ ಮುಂದ ರೊಟ್ಟಿ ಅಂತ ಬರದು ಎಲ್ಲಾರ ಮುಂದ ಓದಿದ್ನಿ."

"ಏನಂದ್ರು?"

"ಒಬ್ಬರಿಗೆ ಮೊಣಕಾಲ ನೋವು ಬಂತು. ಒಬ್ಬರ ಮನಿಗೆ ಬೀಗರು ಬರ್ತಾರಂತ. ಐದು ಮಂದಿ ಬಿಟ್ರು. ರಸೂಲಸಾಬ ಮಾಸ್ತರ ಒಬ್ಬರ ಉಳದಾರ."

ದುಂಡವ್ವ ನಕ್ಕಳು. ಆ ನಗೆಯಲ್ಲಿ ಸಂತೋಷವಿರಲಿಲ್ಲ. ಅವನನ್ನು ಕ್ಷಮಿಸಿಬಿಡಬೇಕೆಂದು ಜೀವ ಒದ್ದಾಡುತ್ತಿತ್ತು... ಆದರೂ ಕೇಳಬೇಕಾದ್ದನ್ನು ಕೇಳಿದಳು.

"ಸ್ಟಾಫ್ ರೂಮಿನ್ಯಾಗ ರೊಟ್ಟಿ ಮಾತು ಹೇಳಿದ್ರಿ. ನಿಮ್ಮ ಅವ್ವಗ ನನ್ನ ವಿಷಯ ಹೇಳೀರೇನು?"



"ಇಲ್ಲ. ಅಂಜಿಕಿ ಬರ್ತದ, ದುಂಡವ್ವ. ರೊಟ್ಟಿ ಬಿಟ್ಟದ್ದೂ ಅದಕ್ಕ. ನಿನ್ನ ನೋವಿನ ಸಲುವಾಗಿ ಅಲ್ಲ."

ಎರಡು ವರ್ಷದಲ್ಲಿ ಅವನು ಆಡಿದ ಮೊದಲ ಪೂರ್ತಿ ನಿಜ ಅದು. ಅವಳ ಕಣ್ಣು ತುಂಬಿ ಬಂತು.

"ಹಂಗಾರ ಗುಡ್ಡದ ಮ್ಯಾಲೆ ಹೇಳೂದು ನನಗ ಬ್ಯಾಡ್ರಿ. ಅಲ್ಲಿ ಹೇಳಾಕ ಧೈರ್ಯ ಯಾಕ ಬೇಕು? ನಿಮ್ಮ ಅಡಗಿಮನ್ಯಾಗ ನಿಂತು ಹೇಳ್ರಿ."

"ಹೇಳ್ತೀನಿ. ಅಲ್ಲೀತನಕ ಕಾಯ್ತೀಯೇನು?"

"ಕಾಯ್ತೀನಿ ಅನ್ನಂಗಿಲ್ಲ." ಅವಳು ಮತ್ತೆ ಜೋಳಕ್ಕೆ ಕೈ ಹಾಕಿದಳು. "ಆದ್ರ ನಿಮ್ಮನ್ನ ಮರಿಯಾಕೂ ಆಗವಲ್ದು."

ಅವನು ಹೊರಡಲು ತಿರುಗಿದ. ಹಿಂದಿನಿಂದ ಅವಳೇ ಮೆಲ್ಲಗೆ ಅಂದಳು:

"ಅವ್ವಗ ಹೇಳದ ಬರಬ್ಯಾಡ್ರಿ."

"ಹೇಳಿ ಬಂದ್ರ?"

"ಬಂದ್ರ... ಉಂಡ ಹೋಗ್ರಿ."