ಓರೆಯಾಗುವ ಕವಚ

ಮಗಳ ಎರಡನೇ ಜಡೆ ಅರ್ಧದಲ್ಲಿದ್ದಾಗ ಗೋಡೆಯ ಪರದೆ ತಾನಾಗಿ ಬೆಳಗಿತು. ಮಂದಾಕಿನಿಯ ಕೈ ಅಲ್ಲೇ ನಿಂತಿತು. ಗಡಿಯ ಹೊಳೆಯಲ್ಲಿ ಎಂಟು ಚಕ್ರದ ಯುದ್ಧವಾಹನವೊಂದು ದೋಣಿಯಂತೆ ತೇಲಿಬಂದು, ಕೆಸರು ತುಳಿಯುತ್ತ ದಡ ಹತ್ತುತ್ತಿತ್ತು. ನೆಲಬಾಂಬು ಸಿಡಿಯಿತು. ಹೊಗೆ ಸರಿದಾಗ ವಾಹನ ಏನೂ ಆಗದಂತೆ ಮುಂದೆ ಹೋಗುತ್ತಿತ್ತು.

"ಮೇಡಂ, ನೋಡಿದ್ರಾ?" ಪ್ರಯೋಗಾಲಯದಿಂದ ಸಹಾಯಕ ಎಂಜಿನಿಯರ್ ಫಾಲಾಕ್ಷನ ದನಿ. "ಒಳಗಿದ್ದೋರು ಎಲ್ಲಾ ಬದುಕಿದಾರೆ. ಡ್ರೈವರ್ ಇಳಿದವನೇ ಟೀ ಕೇಳಿದ್ನಂತೆ. ಮೈಸೂರ್‌ಪಾಕ್ ತರ್ಸಿದೀನಿ, ಬೇಗ ಬನ್ನಿ."

ಆ ವಾಹನದ ಕವಚ ಮಂದಾಕಿನಿ ರೂಪಿಸಿದ್ದು. ನೀರಿನಲ್ಲಿ ತೇಲಬೇಕಾದ ವಾಹನಕ್ಕೆ ದಪ್ಪ ಉಕ್ಕು ಹೊದಿಸಿದರೆ ಮುಳುಗುತ್ತದೆ. ತೆಳು ಉಕ್ಕನ್ನು ಸಿಡಿತ ಸೀಳುತ್ತದೆ. ಅವಳು ತೆಳು ತಗಡುಗಳನ್ನೇ ಹೊದಿಸಿ ಅವಕ್ಕೆ ಸ್ಪರ್ಶಜ್ಞಾನ ಕೊಟ್ಟಿದ್ದಳು. ಮೊದಲ ಒತ್ತಡ ತಗುಲುತ್ತಲೇ ಅವು ಮೀನಿನ ಹುರುಪೆಗಳಂತೆ ಓರೆಯಾಗಿ, ಬಂದ ಬಲವನ್ನೆಲ್ಲ ಒಟ್ಟುಗೂಡಿಸಿ ಪಕ್ಕಕ್ಕೆ ಎಸೆಯುತ್ತಿದ್ದವು. ಯುದ್ಧದಲ್ಲಿ ಅವು ಓರೆಯಾದದ್ದು ಇದೇ ಮೊದಲು.

ಅವಳು ವಿಡಿಯೊವನ್ನು ಹಿಂದಕ್ಕೆ ಓಡಿಸಿದಳು. ವಾಹನದ ಬಲಗಡೆ, ಸಾಕಷ್ಟು ದೂರದಲ್ಲಿ, ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮಾಮೂಲಿ ಸಿಡಿತವಾಗಿದ್ದರೆ ಅವರ ಮೇಲೆ ಮಣ್ಣಷ್ಟೇ ಬೀಳುತ್ತಿತ್ತು. ಹೊಗೆ ಸರಿದ ಮೇಲೆ ಅಲ್ಲಿ ಒಗೆಯುವ ಕಲ್ಲುಗಳೂ ಇರಲಿಲ್ಲ.

"ಫಾಲಾಕ್ಷ, ಬಲಗಡೆ ಇದ್ದೋರು?"

"ಅದು ನಮ್ಮ ವರದಿಗೆ ಬರಲ್ಲ ಮೇಡಂ. ಕವಚ ಕಾಯ್ಬೇಕಾಗಿದ್ದು ಒಳಗಿರೋರ್ನ. ಕಾದಿದೆ. ಸಂಜೆನೇ ಇನ್ನಷ್ಟು ವಾಹನಕ್ಕೆ ಆರ್ಡರ್ ಆಗುತ್ತಂತೆ."

"ಆರ್ಡರ್ ನಿಲ್ಸೋಕೆ ಹೇಳಿ."

"ಯಾರಿಗ್ ಹೇಳ್ಲಿ? ಬದುಕಿ ಬಂದ ಹುಡುಗ್ರ ಅಮ್ಮಂದಿರಿಗಾ?"

ಮಂದಾಕಿನಿ ಪರದೆ ಆರಿಸಿ ಮತ್ತೆ ಜಡೆ ಹಿಡಿದಳು. ಕೂದಲಿನ ಎಳೆಗಳು ಬೆರಳಿಂದ ಜಾರುತ್ತಲೇ ಇದ್ದವು.

ಮಗಳು ಧಾತ್ರಿ ಆರಿದ ಪರದೆಯನ್ನೇ ನೋಡುತ್ತಿದ್ದಳು. ಪ್ರತಿ ಪರೀಕ್ಷೆಗೂ ಮುಂಚೆ ವಾಹನದ ಆಸನಗಳಲ್ಲಿ ಮನುಷ್ಯರ ತೂಕದ ಗೊಂಬೆಗಳನ್ನು ಕೂರಿಸಿ, ಅವುಗಳ ಹಣೆಗೆ ಕುಂಕುಮ ಇಡುವುದು ಆ ಪ್ರಯೋಗಾಲಯದ ರೂಢಿ. ರಜೆ ಇದ್ದಾಗಲೆಲ್ಲ ಕುಂಕುಮದ ಬಟ್ಟಲು ಹಿಡಿಯುತ್ತಿದ್ದವಳು ಅವಳೇ. ಸಿಡಿತದ ನಂತರ ಒಂದು ಗೊಂಬೆಯ ಕತ್ತೂ ಉಳುಕಿಲ್ಲವೆಂದು ಗೊತ್ತಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವಳೂ ತಟ್ಟಿದ್ದಳು.

ಜಡೆ ಮುಗಿಯಿತು. ಮಂದಾಕಿನಿ ರಿಬ್ಬನ್ ಕಟ್ಟಿದಳು, ಬಿಗಿಯಾಯಿತೇನೋ ಎಂದು ಸಡಿಲಿಸಿದಳು, ಮತ್ತೆ ಕಟ್ಟಿದಳು. ಹುಡುಗಿ ತಿರುಗಿ ಅವಳ ಮುಖ ನೋಡಿದಳು.

"ಅಮ್ಮಾ, ಹೊರಗಡೆ ಯಾಕೆ ಒಂದೂ ಗೊಂಬೆ ಕೂರಿಸಿರ್ಲಿಲ್ಲ?"