ಅರಿಶಿನ ದಾರದ ಕೋವಿ

ವಿಜಯದಶಮಿಯ ಬೆಳಗು. ವೀರಗಿರಿಯ ರಾಜಧಾನಿಯಲ್ಲಿ ಆನೆಗಳ ಹಣೆಗೆ ಬಣ್ಣ ಬರೆದಾಗಿತ್ತು, ಅರಮನೆಯ ಹೆಬ್ಬಾಗಿಲಿಗೆ ಮಾವಿನ ತೋರಣವೇರಿತ್ತು, ನಗಾರಿಗಳು ಎಂದಿನ ಗಾಂಭೀರ್ಯದಿಂದ ಮೊಳಗುತ್ತಿದ್ದವು. ಆದರೆ ಪೇಟೆಬೀದಿಯ ಕಲ್ಲುಹಾಸಿನ ಮೇಲೆ ಹಿಂದಿನ ಸಂಜೆಯ ನೆತ್ತರು ಇನ್ನೂ ಒಣಗಿರಲಿಲ್ಲ. ಮಗ್ಗದ ತೆರಿಗೆ ಇಳಿಸಿರೆಂದು ಬೇಡಲು ಬರಿಗೈಯಲ್ಲಿ ನೆರೆದಿದ್ದ ನೇಕಾರರ ಮೇಲೆ, ಕಂಬಳಿ ಮುಸುಕಿದ ಕೆಲವರು ಮಾಳಿಗೆಗಳಿಂದ ಗುಂಡು ಹಾರಿಸಿದ್ದರು. ಹಲವು ನೇಕಾರರ ಜೊತೆಗೆ ಅರಮನೆಯ ಕಾವಲಿನವರೂ ಇಬ್ಬರು ಸತ್ತಿದ್ದರು.

ಗುಂಡು ಹಾರಿಸಿದವರು ನೇಕಾರರೇ ಎಂದು ದಳವಾಯಿ ಕಲ್ಲರಸ ಸಾರಿದ. ನೇಕಾರರ ಹಿರಿಯ ಚೆನ್ನವೀರಪ್ಪನಿಗೆ, ಮಗನ ಶವಕ್ಕೆ ಮಣ್ಣು ಹಾಕಲೂ ಬಿಡದೆ, ಸಂಕೋಲೆ ತೊಡಿಸಿದ. ನಗರದಲ್ಲಿ ದಂಗೆಯೆದ್ದರೆ ಆಡಳಿತ ದಳವಾಯಿಯ ಕೈಗೆ ಬರುವುದು ಆ ನಾಡಿನ ಕಟ್ಟಳೆ; ಪುಣ್ಯಾತ್ಮ ಬಾಯಿ ಚಪ್ಪರಿಸುತ್ತ ಕಾದಿದ್ದುದೂ ಅದಕ್ಕೇ.

ಸಭಾಮಂಟಪದ ಮೆಟ್ಟಿಲ ಬಳಿ ಅವನು ಆಯುಧಶಾಲೆಯ ಅಧಿಕಾರಿ ಸೋವರಸನನ್ನು ತಡೆದ. ಸೋವರಸನ ಅಕ್ಕನನ್ನು ಕೈಹಿಡಿದವನು ಈ ಕಲ್ಲರಸ.

"ಮೈದುನ, ನಿನ್ನ ಪ್ರತಿಜ್ಞೆ ನೆನಪಿದೆಯಷ್ಟೆ? ಬಾಯಿಬಿಟ್ಟರೆ ಮೊದಲು ಹೋಗುವುದು ನಿನ್ನ ತಲೆ."

"ನೆನಪಿದೆ ಭಾವ," ಎಂದ ಸೋವರಸ. ಮಹಾನವಮಿಯ ಮಧ್ಯಾಹ್ನ, ಆಯುಧಪೂಜೆ ಮುಗಿದ ಮೇಲೆ, 'ನನ್ನ ಖಡ್ಗವನ್ನೂ ದೇವಿಯ ಮುಂದಿಡಬೇಕು' ಎಂದು ಈ ಭಾವನೇ ಆಯುಧಶಾಲೆಯ ಬೀಗದ ಕೈ ಕೇಳಿದ್ದ. ಬಂಧುವೆಂದು ನಂಬಿ ತಾನೇ ಕೊಟ್ಟಿದ್ದ; ರಾತ್ರಿ ಅದು ಮರಳಿ ಬಂದಿತ್ತು. ಆಯುಧಶಾಲೆಯ ಆಯುಧ ಊರವರ ರಕ್ತ ಹರಿಸಿದರೆ ಅದಕ್ಕೆ ತನ್ನ ಶಿರವೇ ಹೊಣೆಯೆಂದು ಅಧಿಕಾರ ವಹಿಸಿಕೊಂಡ ದಿನ ದೇವಿಯ ಮುಂದೆ ನುಡಿದವನೂ ತಾನೇ.

ಸಭೆಯಲ್ಲಿ ದಳವಾಯಿ ಒಂದು ಕೋವಿಯನ್ನು ರಾಣಿ ಹೊನ್ನಾಜಮ್ಮನ ಮುಂದಿಟ್ಟ. "ಮಹಾಮಾತೆ, ಬೀದಿಯಲ್ಲಿ ಸಿಕ್ಕ ಸಾಕ್ಷ್ಯ. ಶತ್ರುರಾಜ್ಯದಿಂದ ಈ ನೇಕಾರರು ತರಿಸಿದ ಯುದ್ಧಾಯುಧ. ಅಪ್ಪಣೆಯಾದರೆ ಸೂರ್ಯಾಸ್ತದೊಳಗೆ ಇವರೆಲ್ಲರನ್ನೂ ಶೂಲಕ್ಕೇರಿಸುತ್ತೇನೆ."

"ನಮ್ಮ ಕೈ ಮಗ್ಗದ ಲಾಳಿ ಹಿಡಿದ ಕೈ ತಾಯಿ!" ಎಂದು ಸಂಕೋಲೆಯಲ್ಲೇ ನಿಂತಿದ್ದ ಚೆನ್ನವೀರಪ್ಪ ಗುಡುಗಿದ. "ಕೋವಿ ಹಿಡಿದಿದ್ದರೆ ನನ್ನ ಮಗ ಹಾಗೆ ಸಾಯುತ್ತಿದ್ದನೆ?"

ಸೋವರಸನ ಕಣ್ಣು ಕೋವಿಯ ಹಿಡಿಗೆ ಬಿಗಿದಿದ್ದ ಕರಿಬಟ್ಟೆಯ ಮೇಲೆ ನಿಂತಿತು. ಅದರಡಿ ಏನಿದೆಯೆಂದು ಆ ಕ್ಷಣವೇ ಅವನಿಗೆ ಹೊಳೆಯಿತು. ಸುಮ್ಮನಿದ್ದರೆ ಬದುಕುತ್ತೇನೆ ಎಂಬುದೂ ಹೊಳೆಯಿತು. ಆದರೂ ಅವನು ಮುಂದೆ ಬಂದ.

"ಮಹಾಮಾತೆ, ಆ ಬಟ್ಟೆಯನ್ನು ಬಿಚ್ಚಿಸಬೇಕು."

ರಾಣಿ ಸನ್ನೆ ಮಾಡಿದಳು. ಬಟ್ಟೆ ಜಾರಿತು. ಕೆಳಗೆ, ಮದ್ದಿನ ಮಸಿಗೂ ಮಾಸದೆ, ಆಯುಧಪೂಜೆಯ ಅರಿಶಿನ ದಾರ! ನವಮಿಯಂದು ಕಟ್ಟಿದ ಆ ದಾರವನ್ನು ದಶಮಿಯ ಪೂಜೆಗೆ ಮುನ್ನ ಬಿಚ್ಚಿದವನ ವಂಶ ಉಳಿಯದೆಂದು ವೀರಗಿರಿಯ ಪ್ರತಿಯೊಬ್ಬ ಸೈನಿಕನೂ ನಂಬಿದ್ದ. ದಾರಗಳನ್ನೆಲ್ಲ ಕತ್ತರಿಸಿರೆಂದು ದಳವಾಯಿ ಆಜ್ಞೆಯಿತ್ತಿದ್ದರೂ ಅವನ ಭಟರು ಅಂಜಿ, ಅವನಿಗೆ ತಿಳಿಯದಂತೆ ಬಟ್ಟೆ ಸುತ್ತಿದ್ದರು. ನಿರಾಯುಧರ ಎದೆಗೆ ಗುರಿಯಿಡಲು ನಡುಗದ ಭಂಡ ಕೈಗಳು ಒಂದೆಳೆ ದಾರಕ್ಕೆ ನಡುಗಿದ್ದವು!

"ಇದು ನಮ್ಮದೇ ಕೋವಿ. ದಾರ ಕಟ್ಟಿದವನು ನಾನು, ದಳವಾಯಿಗಳಿಗೆ ಬೀಗದ ಕೈ ಕೊಟ್ಟವನೂ ನಾನು," ಎಂದ ಸೋವರಸ.

ದಳವಾಯಿ ಕತ್ತಿಗೆ ಕೈಹಾಕಿದ. ಅಂಗರಕ್ಷಕರು ಅವನನ್ನು ನೆಲಕ್ಕೆ ಕೆಡವಿದರು. ಚೆನ್ನವೀರಪ್ಪನ ಸಂಕೋಲೆ ಕಳಚಿತು.

"ಸೋವರಸರೆ, ಸತ್ಯ ನುಡಿದಿರಿ. ನಿಮ್ಮ ಪ್ರತಿಜ್ಞೆಯಿಂದ ನಿಮ್ಮನ್ನು ಬಿಡಿಸುವ ಅಧಿಕಾರ ನಮಗಿದೆ," ಎಂದಳು ರಾಣಿ.

"ಬೇಡ ತಾಯಿ. ನನ್ನ ಸಡಿಲಿಕೆಯಿಂದ ಸತ್ತವರನ್ನು ಬಿಡಿಸಿ ತರುವವರು ಯಾರೂ ಇಲ್ಲ. ಒಂದೇ ಬೇಡಿಕೆ. ಆಯುಧಶಾಲೆಯ ಬೀಗದ ಕೈ ಇನ್ನು ಅರಮನೆಯ ಬಂಧುಗಳ ಕೈಯಲ್ಲಿರಬಾರದು, ನೇಕಾರರ ಕೇರಿಯಲ್ಲಿರಲಿ."

ರಾಣಿ ಒಪ್ಪಿ ತಲೆಯಾಡಿಸಿದಳು.

ಸೋವರಸ ನಡುಪಟ್ಟಿಯಿಂದ ಬೀಗದ ಕೈ ತೆಗೆದು ಚೆನ್ನವೀರಪ್ಪನತ್ತ ಚಾಚಿದ. ಮುದುಕ ಕೈ ಮುಗಿಯಲಿಲ್ಲ, ಕಣ್ಣೀರಿಡಲಿಲ್ಲ. ಬೀಗದ ಕೈಯನ್ನು ಕಸಿದುಕೊಂಡಂತೆ ತೆಗೆದುಕೊಂಡ.

"ನಿಮ್ಮನ್ನು ನಾನು ಕ್ಷಮಿಸಿಲ್ಲ, ಸ್ವಾಮಿ."

"ಕ್ಷಮಿಸಬೇಡಿ. ಯಾರು ಕೇಳಿದರೂ ಇದನ್ನು ಕೊಡಬೇಡಿ," ಎಂದು ಹೇಳಿ ಸೋವರಸ ವಧಾಸ್ಥಾನದ ಕಡೆಗೆ ತಾನೇ ಮುಂದಾಗಿ ನಡೆದ.